ಅಪ್ಪನ ಕಾರೂ ಏಳು ಅನಾಥ ವೈರುಗಳೂ

ಹಳೇ ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ ಯಾವತ್ತಾದ್ರೂ ತಲೆ ತೂರಿಸಿ ನೋಡಿದೀರಾ? ನೋಡಿಲ್ಲ ಅಂದ್ರೆ ಒಳ್ಳೇದೇ ಆಯ್ತು ಬಿಡಿ. ನೋಡಿದವರಿಗೆ ಗೊತ್ತಿರುತ್ತೆ, ಅಲ್ಲಿ ಯಾವಾಗಲೂ ಒಂದೋ ಎರಡೋ ವೈರು ಎಲ್ಲಿಗೂ ಸೇರದೆ ನೇತಾಡ್ತಾ ಇರುತ್ತೆ. ಕಾರು ಓಡ್ತಾ ಇರುತ್ತೆ, ಲೈಟು ಉರೀತಾ ಇರುತ್ತೆ, ಹಾರ್ನು ಕೂಗ್ತಾ ಇರುತ್ತೆ. ಹಾಗಾದ್ರೆ ಈ ವೈರು ಯಾತಕ್ಕೆ? ಒಂದು ಸಲ ಈ ಪ್ರಶ್ನೆ ತಲೆಗೆ ಹೊಕ್ಕಿತು ಅಂದ್ರೆ ಮುಗೀತು, ರಾತ್ರಿ ನಿದ್ದೆ ಬರೋದಿಲ್ಲ.

ನಮ್ಮ ಮನೆಯದು ೧೯೮೪ರ ಅಂಬಾಸಿಡರ್, ಮಾರ್ಕ್ ೪. ಸಾಗರದ ಹತ್ತಿರದ ನಮ್ಮೂರಲ್ಲಿ, ಮೊದಲು ಕೊಟ್ಟಿಗೆಯಾಗಿದ್ದ ಜಾಗದಲ್ಲಿ ನಿಂತಿರುತ್ತೆ. ಅಪ್ಪ ಅದನ್ನ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಅದರ ನಟ್ಟು ಬೋಲ್ಟು ಎಲ್ಲ ಅವರಿಗೆ ಬಾಯಿಪಾಠ. ಆದರೆ ೨೦೨೨ರಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯ್ತು. ಬಲಗೈ ಬಲಗಾಲು ಬಿದ್ದುಹೋದವು, ಜೊತೆಗೆ ಮಾತೂ ಹೋಯ್ತು. ಹೇಳಿದ್ದೆಲ್ಲ ಅರ್ಥ ಆಗುತ್ತೆ, ಹೇಳಬೇಕು ಅಂದದ್ದು ಮಾತ್ರ ಬಾಯಿಗೆ ಬರೋದಿಲ್ಲ. "ಹೂಂ" ಅನ್ನೋದೊಂದು ಉಳಿದಿದೆ. ಆ ಒಂದೇ "ಹೂಂ"ನಲ್ಲಿ ಬೈಗುಳವೂ ಇರುತ್ತೆ, ಊಟ ಸಾಕು ಅನ್ನೋದೂ ಇರುತ್ತೆ. ಅಮ್ಮನಿಗೆ ಮಾತ್ರ ಎಲ್ಲ ಬೇರೆ ಬೇರೆಯಾಗಿ ಕೇಳಿಸುತ್ತೆ.

೨೦೨೪ರಲ್ಲಿ ಕಾರಿನ ರಿಜಿಸ್ಟ್ರೇಷನ್ ಮುಗೀತಾ ಬಂತು. ಸ್ವಂತ ಕಾರಿಗೆ ಮೊದಲ ಹದಿನೈದು ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ ತಾನೇ? ೧೯೯೯, ೨೦೦೪, ೨೦೦೯, ೨೦೧೪, ೨೦೧೯... ಇಷ್ಟೂ ಸಲ ಅಪ್ಪನೇ ತಗೊಂಡು ಹೋಗಿದ್ದರು. ಈ ಸಲ ನನ್ನ ಪಾಳಿ. ೨೦೨೨ರ ಏಪ್ರಿಲ್‌ನಿಂದ ಆರುನೂರು ರೂಪಾಯಿ ಇದ್ದ ಶುಲ್ಕ ೫೦೦೦ ಆಗಿತ್ತು. ಅಷ್ಟು ಕೊಟ್ಟು ಯಾಕೆ ಈ ಕಬ್ಬಿಣ ಇಟ್ಕೊಳ್ತೀಯ ಅಂತ ಭಾವ ಕೇಳಿದ. ಕೇಳಿದಾಗ ಅಪ್ಪ ಜಗುಲಿಯಲ್ಲೇ ಕೂತಿದ್ದರು. "ಹೂಂ" ಅಂದರು. ಅದು ಯಾವ ಹೂಂ ಅಂತ ನನಗೂ ಅರ್ಥ ಆಯ್ತು.

ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕಾದರೆ ಬ್ರೇಕ್ ಲೈಟು, ಇಂಡಿಕೇಟರ್ ಎಲ್ಲ ಸರಿ ಇರಬೇಕು. ನಮ್ಮ ಕಾರಲ್ಲಿ ಬ್ರೇಕ್ ಲೈಟು ಉರೀತಾ ಇರಲಿಲ್ಲ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನ ಪಾರ್ಕಿಂಗ್ ದೀಪವೂ ಜೊತೆಗೆ ಕಣ್ಣು ಹೊಡೀತಿತ್ತು. ಹದಿನೈದು ದಿನ ರಜೆ ಹಾಕಿ, ಟಾರ್ಚ್ ಹಿಡಿದು ಮಲಗಿ ಎಣಿಸಿದೆ. ಇಡೀ ಕಾರಲ್ಲಿ ಏಳು ಅನಾಥ ವೈರು.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. ನೀವು ಮಾರುತಿ ೮೦೦ರ ಡ್ಯಾಶ್ ಬಿಚ್ಚಿದರೂ ಅನಾಥ ಕಪ್ಲರು ಸಿಗುತ್ತೆ. ಆದರೆ ಅದರ ಕಥೆ ಬೇರೆ. ಕಂಪನಿಯವರು ಕಡಿಮೆ ಬೆಲೆಯ ಮಾಡೆಲ್ಲಿಗೂ ಜಾಸ್ತಿ ಬೆಲೆಯದ್ದಕ್ಕೂ ಸಾಧ್ಯವಾದಷ್ಟು ಒಂದೇ ವೈರಿಂಗ್ ಹಾಕಿಬಿಡ್ತಾರೆ. ನೀವು ದುಡ್ಡು ಕೊಡದ ಸೌಕರ್ಯದ ಕಪ್ಲರು ಪಾಪ ಹಾಗೇ ಬಾಯಿ ಬಿಟ್ಕೊಂಡು ಕೂತಿರುತ್ತೆ. ಅದನ್ನ ತಪ್ಪು ಜಾಗಕ್ಕೆ ಸಿಕ್ಕಿಸೋದೂ ಕಷ್ಟ. ಒಂದೊಂದರ ಆಕಾರ ಒಂದೊಂದು, ಪಿನ್ನಿನ ಲೆಕ್ಕ ಬೇರೆ, ಬೀಗ ಬೇರೆ. ಅಂಬಾಸಿಡರ್‌ನಲ್ಲಿ ಹಾಗಲ್ಲ. ಅಲ್ಲಿ ಬುಲೆಟ್. ವೈರಿನ ತುದಿಗೆ ತೊಗರಿಕಾಳಿನಷ್ಟು ದಪ್ಪದ ಲೋಹದ ತಲೆ. ಒಳಗೆ ಲೋಹ, ಹೊರಗೆ ರಬ್ಬರು ಇರೋ ಕೊಳವೆಗೆ ಅದನ್ನ ಒತ್ತಿದರೆ ಟಕ್ ಅಂತ ಕೂರುತ್ತೆ, ಎಳೆದರೆ ಬರುತ್ತೆ. ಎಲ್ಲ ಬುಲೆಟ್ಟೂ ಒಂದೇ ಅಳತೆ. ಹೆಡ್‌ಲೈಟಿನದೂ ಅದೇ, ಹಾರ್ನಿನದೂ ಅದೇ. ಅಂದ್ರೆ ಯಾವುದು ಬೇಕಾದರೂ ಯಾವುದಕ್ಕೆ ಬೇಕಾದರೂ ಹೊಂದುತ್ತೆ. ಹೊಂದಿದ ಮಾತ್ರಕ್ಕೆ ಅದು ಅಲ್ಲಿಯದು ಅಂತ ಅಲ್ಲ... ಈ ಸಣ್ಣ ವಿಷಯ ನನಗೆ ಹೇಗೆ ಗೊತ್ತಾಯ್ತು ಅನ್ನೋದು ಮುಂದೆ ಬರುತ್ತೆ.

ಹಾಗಾದರೆ ಗುರುತು ಹಿಡಿಯೋದು ಹೇಗೆ? ಬಣ್ಣದಿಂದ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ ೩ರ ಹೊಟ್ಟೆಯಲ್ಲಿ. ಹಾಗಾಗಿ ಬ್ರಿಟಿಷ್ ಕಾರುಗಳ ಲ್ಯೂಕಸ್ ಬಣ್ಣದ ಕಟ್ಟಳೆಯೇ ನಮ್ಮ ಕಾರಿಗೂ ಬಂದಿದೆ. ಮುಖ್ಯ ಬಣ್ಣ ಮನೆತನದ ಹೆಸರಿದ್ದ ಹಾಗೆ, ಅದರ ಮೇಲೆ ಓಡೋ ಸಣ್ಣ ಗೆರೆ ಸ್ವಂತ ಹೆಸರಿದ್ದ ಹಾಗೆ. ಕಪ್ಪು ಅಂದ್ರೆ ಅರ್ತ್. ಕಂದು ಅಂದ್ರೆ ಬ್ಯಾಟರಿಯಿಂದ ನೇರ ಬಂದದ್ದು, ಕೀ ತೆಗೆದರೂ ಕರೆಂಟು ಇರುತ್ತೆ. ಬಿಳಿ ಅಂದ್ರೆ ಕೀ ತಿರುಗಿಸಿದ ಮೇಲೆ ಬರೋದು. ಹಸಿರು ಅಂದ್ರೆ ಅದೇ ಬಿಳಿ ಫ್ಯೂಸು ದಾಟಿ ಬಂದಾಗ. ನೇರಳೆ ಅಂದ್ರೆ ಕಂದು ಫ್ಯೂಸು ದಾಟಿ ಬಂದಾಗ. ನೀಲಿ ಹೆಡ್‌ಲೈಟಿಗೆ, ಕೆಂಪು ಪಾರ್ಕಿಂಗ್ ಲೈಟಿಗೆ. ಹಸಿರಿನ ಮೇಲೆ ಕೆಂಪು ಗೆರೆ ಇದ್ದರೆ ಎಡ ಇಂಡಿಕೇಟರ್, ಬಿಳಿ ಗೆರೆ ಇದ್ದರೆ ಬಲ, ನೇರಳೆ ಗೆರೆ ಇದ್ದರೆ ಬ್ರೇಕ್ ಲೈಟು. ಎಷ್ಟು ಚಂದ ಅಲ್ವಾ? ಈಗಿನ ಕಾರಿನ ಹಾಗೆ ಹತ್ತಿಪ್ಪತ್ತು ಫ್ಯೂಸು ಇಲ್ಲ. ನಮ್ಮ ಕಾರಲ್ಲಿ ಇರೋದೇ ಎರಡು. ೩೫ ಅಂತ ಬರೆದಿರುತ್ತೆ. ಅದು ಸುಟ್ಟು ಹೋಗೋ ಲೆಕ್ಕ, ಸದಾ ತಡ್ಕೊಳ್ಳೋದು ೧೭ ಆಂಪಿಯರ್ ಅಷ್ಟೇ. ಕಂದು, ಬಿಳಿ, ನೀಲಿ ಇವಕ್ಕೆ ಫ್ಯೂಸೇ ಇಲ್ಲ.

ಓದೋಕೆ ಚಂದ. ಆದರೆ ನಲವತ್ತು ವರ್ಷದ ವೈರಲ್ಲಿ ಬಣ್ಣ ಎಲ್ಲಿರುತ್ತೆ ಮಾರಾಯ್ರೆ! ಇಂಜಿನ್ನಿನ ಬಿಸಿ, ಎಣ್ಣೆ, ಧೂಳು ಸೇರಿ ಎಲ್ಲವೂ ಕಾಫಿ ಡಿಕಾಕ್ಷನ್ ಬಣ್ಣ. ಬಟ್ಟೆಗೆ ಸ್ಪಿರಿಟ್ ಅದ್ದಿ ಒರೆಸಿದರೆ ಸ್ವಲ್ಪ ಬಿಡುತ್ತೆ. ಅದಕ್ಕಿಂತ ಒಳ್ಳೇ ಉಪಾಯ, ಸುತ್ತಿದ ಟೇಪನ್ನ ನಾಲ್ಕು ಬೆರಳಷ್ಟು ಹಿಂದಕ್ಕೆ ಬಿಚ್ಚೋದು. ಬೆಳಕು ಕಾಣದ ಜಾಗದಲ್ಲಿ ಬಣ್ಣ ಹೊಸದರ ಹಾಗೇ ಇರುತ್ತೆ.

ಬಣ್ಣದಷ್ಟೇ ಮುಖ್ಯ ಇನ್ನೊಂದಿದೆ, ಅದನ್ನ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ವೈರಿನ ತುದಿ ಹೇಗೆ ಮುಗಿದಿದೆ ಅಂತ ನೋಡಬೇಕು. ಹರಿದ ಹಾಗೆ, ಗೀರಿದ ಹಾಗೆ ಇದ್ದರೆ ಇಲಿ ಕೆಲಸ. ಅಂದ್ರೆ ಆ ವೈರು ಎಲ್ಲಿಗೋ ಹೋಗ್ತಾ ಇತ್ತು, ಇನ್ನೊಂದು ತುಂಡು ಹತ್ತಿರದಲ್ಲೇ ಇರಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ನೇರ ಕತ್ತರಿಸಿದ್ದರೆ ಯಾರೋ ಬೇಕಂತಲೇ ತೆಗೆದದ್ದು. ಟೇಪು ಸುತ್ತಿದ್ದರೆ, ಇದರಲ್ಲಿ ಕರೆಂಟು ಇದೆ ಅಂತ ಗೊತ್ತಿದ್ದವರು ತೆಗೆದದ್ದು. ಬುಲೆಟ್ ಸಮೇತ ಬರಿದಾಗಿ ನೇತಾಡ್ತಿದ್ದರೆ ಅದೇ ಕಷ್ಟ. ಜಾರಿ ಬಂತೋ, ತೆಗೆದರೋ ಹೇಳೋಕಾಗಲ್ಲ.

ನನ್ನ ಮೊದಲ ವೈರು ಆ ಜಾತಿಯದು. ಡ್ಯಾಶ್‌ನ ನಡುವೆ, ಕೆಳಗೆ, ಬರಿ ಬುಲೆಟ್ಟು. ಬಣ್ಣ ನೋಡಿದರೆ ಕಂದೋ, ಎಣ್ಣೆ ಕುಡಿದ ಇನ್ಯಾವುದೋ. ಅದರಿಂದ ಒಂದು ಗೇಣು ದೂರದಲ್ಲಿ ಒಂದು ಬಾಯಿ ಖಾಲಿ ಇದ್ದ ಕೊಳವೆ. ಗೂಡು ಖಾಲಿ ಇದೆ, ಹಕ್ಕಿ ಹೊರಗಿದೆ! ನನಗೆ ಆ ಕ್ಷಣ ಷರ್ಲಾಕ್ ಹೋಮ್ಸ್ ಆದಷ್ಟು ಖುಷಿ. ಅಪ್ಪ ಆವತ್ತು ಹಟ ಮಾಡಿ ಕಾರಲ್ಲಿ ಕೂತಿದ್ದರು, ಮುಂದಿನ ಎಡ ಸೀಟಲ್ಲಿ. ಅವರನ್ನ ಅಲ್ಲಿ ಕೂರಿಸೋಕೆ ನಾನೂ ಅಮ್ಮನೂ ಸೇರಿ ಐದು ನಿಮಿಷ ಹಿಡಿದಿತ್ತು. ಅವರ ಕಾಲ ಹತ್ತಿರ ತಲೆ ಇಟ್ಟು ಮಲಗಿ, ಬುಲೆಟ್ಟನ್ನ ಕೊಳವೆಗೆ ಒತ್ತಿದೆ. ಟಕ್ ಅಂತ ಕೂತಿತು. ಎಷ್ಟು ಚೆನ್ನಾಗಿ ಹೊಂದಿತು ಅಂತೀರಿ!

ಬ್ಯಾಟರಿ ತೆಗೆದಿರಲಿಲ್ಲ. ಹಾಂ, ಬೈಯಿರಿ. ಸ್ವಲ್ಪ ಮುಂಚೆ ಲೈಟು ನೋಡೋಕೆ ಅಂತ ಹಾಕಿದವನು ತೆಗೆಯೋದನ್ನ ಮರೆತಿದ್ದೆ.

ಕೊಳವೆ ಇದ್ದದ್ದು ಕಪ್ಪು ವೈರುಗಳದ್ದು, ಅರ್ತಿನದು. ಬಣ್ಣ ಹೋಗಿದ್ದರಿಂದ ಅದೂ ಕಾಫಿಯಾಗಿತ್ತು. ನಾನು ಸೇರಿಸಿದ್ದು ಖರೆಗೂ ಕಂದು. ಅಂದ್ರೆ ಬ್ಯಾಟರಿಯ ಒಂದು ತುದಿಯನ್ನ ಇನ್ನೊಂದು ತುದಿಗೆ, ನಡುವೆ ಫ್ಯೂಸಿಲ್ಲದೆ ಕಟ್ಟಿದ ಹಾಗಾಯ್ತು. ಹನ್ನೆರಡು ವೋಲ್ಟು ಅಂದ್ರೆ ಮುಟ್ಟಿದರೆ ಕೈಗೆ ಏನೂ ಆಗಲ್ಲ, ಅದಕ್ಕೇ ನಮಗೆ ಅದರ ಮೇಲೆ ಅಷ್ಟು ಅಸಡ್ಡೆ. ಆದರೆ ಸೆಲ್ಫ್ ಹೊಡೆಯೋಕೆ ಅಂತ ಇರೋ ಬ್ಯಾಟರಿ ನೂರಾರು ಆಂಪಿಯರ್ ಉಗುಳಬಲ್ಲದು. ಆ ಸಪೂರ ವೈರು ಅಷ್ಟೂ ಹೊತ್ತು ಹೀಟರಿನ ಕಾಯಿಲ್ ಆಗುತ್ತೆ. ಎರಡು ಉಸಿರಾಡೋಷ್ಟರಲ್ಲಿ ಹೊಗೆ. ಪ್ಲಾಸ್ಟಿಕ್ ಸುಟ್ಟ ವಾಸನೆ. ಬುಲೆಟ್ ಹಿಡಿದು ಎಳೆಯೋಕೆ ಹೋದರೆ ಬೆರಳು ಚುರ್ ಅಂತು. ಎದ್ದು ಬಾನೆಟ್ ಕಡೆ ಓಡಿದೆ. ಸ್ಪ್ಯಾನರ್ ಎಲ್ಲಿ? ಕೈ ನಡುಗ್ತಾ ಇದೆ. ಒಳಗೆ ಅಪ್ಪ. ಅವರಿಗೆ ಬಾಗಿಲು ತೆಗೆದುಕೊಂಡು ಇಳಿಯೋಕೆ ಆಗಲ್ಲ. "ಅಮ್ಮಾ" ಅಂತ ಕೂಗಿದ್ದು ನೆನಪಿದೆ, ಅಮ್ಮ ಬಂದು ಏನು ಮಾಡಬೇಕು ಅಂತ ಗೊತ್ತಿರಲಿಲ್ಲ.

ಬ್ಯಾಟರಿಯ ಟರ್ಮಿನಲ್ಲಿಗೆ ಸ್ಪ್ಯಾನರ್ ಹಾಕೋಷ್ಟರಲ್ಲಿ ಒಳಗಿಂದ ಠಣ್ ಅಂತ ಒಂದು ಸದ್ದು, ಆಮೇಲೆ "ಹೂಂ". ಬಗ್ಗಿ ನೋಡಿದರೆ ಅಪ್ಪ ಎಡಗೈಯಲ್ಲಿ ಊರುಗೋಲು ತಿರುಗಿಸಿ ಹಿಡಿದು, ಅದರ ಕೊಕ್ಕೆಯಿಂದ ಆ ವೈರನ್ನ ಜಗ್ಗಿ ಎಳೆದು ಹಾಕಿದ್ದರು. ಬುಲೆಟ್ಟು ಎಳೆದರೆ ಬರುತ್ತೆ ಅಂದೆನಲ್ಲ. ನಾಲ್ಕಿಂಚು ವೈರಿನ ಸಿಪ್ಪೆ ಕರಗಿ ಜೋತಾಡ್ತಿತ್ತು. ಅಷ್ಟೇ ಹೋದದ್ದು.

ಅಮ್ಮ ಬಂದು ನೋಡಿ, "ಎಂಥ ಮಾಡಿದ್ಯೋ" ಅಂದವಳು ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಎರಡು ದಿನ ಕಾರು ಮುಟ್ಟಲಿಲ್ಲ. ಮೂರನೇ ದಿನ ಸಾಗರಕ್ಕೆ ಹೋಗಿ, ಬ್ಯಾಟರಿ ಅಂಗಡಿಯವರ ಹತ್ತಿರ ನನ್ನ ಪ್ರತಾಪ ಹೇಳಿಕೊಂಡೆ. ಅವರು ನಗಲಿಲ್ಲ. ಡ್ರಾಯರಿಂದ ಒಂದು ೨೧ ವ್ಯಾಟಿನ ಇಂಡಿಕೇಟರ್ ಬಲ್ಬು, ಒಂದು ಹೋಲ್ಡರು, ಎರಡು ಉದ್ದ ವೈರು ತೆಗೆದು ಸೇರಿಸಿ ಕೊಟ್ಟರು. "ಗೊತ್ತಿಲ್ಲದ ವೈರಿಗೆ ಕರೆಂಟು ಕೊಡೋದಾದ್ರೆ ಇದರ ಮೂಲಕ ಕೊಡಿ ಸಾರ್" ಅಂದರು. ಯೋಚನೆ ಮಾಡಿ, ಎಷ್ಟು ಸರಳ! ೨೧ ವ್ಯಾಟನ್ನ ೧೨ರಿಂದ ಭಾಗಿಸಿದರೆ ಸುಮಾರು ಒಂದೂಮುಕ್ಕಾಲು ಆಂಪಿಯರ್. ಆ ಕಡೆ ಏನೇ ಎಡವಟ್ಟಾಗಿರಲಿ, ಈ ಬಲ್ಬು ಅದಕ್ಕಿಂತ ಜಾಸ್ತಿ ಹೋಗೋಕೆ ಬಿಡೋದಿಲ್ಲ. ನೇರ ಅರ್ತ್ ಆಗಿದ್ದರೆ ಬಲ್ಬು ಪೂರ್ತಿ ಬೆಳಗುತ್ತೆ, ಅಷ್ಟೇ. ಹೊಗೆ ಇಲ್ಲ, ಕೂಗಾಟ ಇಲ್ಲ. ಮಂದವಾಗಿ ಉರಿದರೆ ಆ ತುದಿಯಲ್ಲಿ ಏನೋ ಕೆಲಸ ಮಾಡೋ ವಸ್ತು ಇದೆ. ಉರಿಯದಿದ್ದರೆ ದಾರಿ ನಡುವೆ ಎಲ್ಲೋ ಕಡಿದಿದೆ.

ಅದನ್ನ ಕೈಯಲ್ಲಿ ಹಿಡಿದ ಮೇಲೆ ಕೆಲಸ ಸರಾಗ. ಪ್ರತಿ ವೈರಿಗೂ ಒಂದು ಚೀಟಿ ಕಟ್ಟಿದೆ. ಬ್ಯಾಟರಿ ತೆಗೆದು ಮಲ್ಟಿಮೀಟರ್‌ನಲ್ಲಿ ಅರ್ತ್ ಯಾವುದು ಅಂತ ಮೊದಲು ಬೇರೆ ಮಾಡಿಕೊಂಡೆ. ಕಂದು ವೈರು ಒಂದು ಕಾಲದಲ್ಲಿ ಡ್ಯಾಶ್ ಮೇಲೆ ಇದ್ದ ಪುಟ್ಟ ಫ್ಯಾನಿನದು. ಸ್ಕ್ರೂ ಹಾಕಿದ ಎರಡು ತೂತು ಈಗಲೂ ಇದೆ. ಅಪ್ಪ ಕೊಳ್ಳೋ ಮುಂಚಿನವರು ಹಾಕಿಸಿದ್ದು, ಕೀ ಇಲ್ಲದೆಯೂ ತಿರುಗಲಿ ಅಂತ ಕಂದಿನಿಂದಲೇ ಕರೆಂಟು ಎಳೆದಿದ್ದರು. ಅದನ್ನ ಬುಡದಲ್ಲೇ ಕತ್ತರಿಸಿ ಮುಚ್ಚಿದೆ.

ಮುಂದಿನ ಗ್ರಿಲ್ಲಿನ ಹಿಂದೆ ಇದ್ದ ಎರಡು, ಹಸಿರು-ಕೆಂಪು ಮತ್ತು ಹಸಿರು-ಬಿಳಿ, ನನ್ನನ್ನ ಒಂದು ಇಡೀ ಮಧ್ಯಾಹ್ನ ಗೋಳು ಹೊಯ್ದುಕೊಂಡವು. ಬಣ್ಣದ ಪ್ರಕಾರ ಹಸಿರು-ಕೆಂಪು ಎಡದ್ದು. ಆದರೆ ಟೆಸ್ಟ್ ಲ್ಯಾಂಪು ಹಾಕಿದರೆ ಬಲಕ್ಕೆ ಹಾಕಿದಾಗ ಮಿನುಗುತ್ತೆ! ಕಡೆಗೆ ಹಿಂದಿನ ಡಿಕ್ಕಿಯ ಒಳಗೆ ನೋಡಿದಾಗ ಗೊತ್ತಾಯ್ತು. ಯಾವತ್ತೋ ಸ್ಟೇರಿಂಗಿನ ಇಂಡಿಕೇಟರ್ ಸ್ವಿಚ್ಚು ಬದಲಾಯಿಸಿದವರು ಎರಡು ವೈರನ್ನ ಅದಲು ಬದಲು ಮಾಡಿದ್ದಾರೆ. ಅದನ್ನ ಸರಿ ಮಾಡೋ ಬದಲು ಹಿಂದಿನ ದೀಪದ ಹತ್ತಿರ ಮತ್ತೊಮ್ಮೆ ಅದಲು ಬದಲು ಮಾಡಿದ್ದಾರೆ. ಮುಂದಿನದಕ್ಕೆ ಬೇರೆ ವೈರನ್ನೇ ಎಳೆದು, ಹಳೇದನ್ನ ಹಾಗೇ ಬಿಟ್ಟಿದ್ದಾರೆ. ಒಂದು ತಪ್ಪಿಗೆ ಇನ್ನೊಂದು ತಪ್ಪು ಸೇರಿಸಿ ಸೊನ್ನೆ ಮಾಡೋ ಲೆಕ್ಕ. ಬಣ್ಣ ಹೇಳೋದು ಫ್ಯಾಕ್ಟರಿಯವರ ಮನಸ್ಸನ್ನ ಮಾತ್ರ, ಆಮೇಲೆ ಕೈ ಹಾಕಿದವರದ್ದನ್ನಲ್ಲ. ಎಲ್ಲ ಬಿಚ್ಚಿ ಮೊದಲಿನ ಹಾಗೆ ಮಾಡಿದೆ.

ಬ್ರೇಕ್ ಪೈಪಿಗೆ ಸಿಕ್ಕಿಸಿದ ಪುಟ್ಟ ಸ್ವಿಚ್ಚಿನ ಹತ್ತಿರ ಹಸಿರು ಮತ್ತು ಹಸಿರು-ನೇರಳೆ ನೇತಾಡ್ತಿದ್ದವು. ಕೀ ಹಾಕಿ ಎರಡನ್ನೂ ಒಂದಕ್ಕೊಂದು ಮುಟ್ಟಿಸಿದೆ, ಹಿಂದೆ ಎರಡೂ ಬ್ರೇಕ್ ಲೈಟು ಉರಿದವು. ಬಲ್ಬು ಸರಿ, ವೈರು ಸರಿ. ಸ್ವಿಚ್ಚಿಗೆ ಹಾಕಿದರೆ ಪೆಡಲ್ ಒತ್ತದೆಯೂ ಉರೀತಾನೇ ಇತ್ತು. ಸ್ವಿಚ್ಚು ಒಳಗೆ ಅಂಟಿಕೊಂಡಿತ್ತು, ಬ್ಯಾಟರಿ ಇಳಿಯುತ್ತೆ ಅಂತ ಯಾರೋ ಕಿತ್ತಿಟ್ಟಿದ್ದರು. ಹೊಸ ಸ್ವಿಚ್ಚು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಗೆಳೆಯ ಕಳಿಸಿದ. ಅದನ್ನ ಗ್ಯಾರೇಜಿನಲ್ಲೇ ಹಾಕಿಸಿದೆ. ಬ್ರೇಕ್ ಆಯಿಲ್, ಗಾಳಿ ತೆಗೆಯೋದು ಇವೆಲ್ಲ ನನ್ನ ಕೈಯಲ್ಲಿ ಬೇಡ ಅನ್ನೋಷ್ಟು ಬುದ್ಧಿ ಬಂದಿತ್ತು.

ಆರನೆಯದು ಡಿಕ್ಕಿಯಲ್ಲಿ ಥಿಂಬಲ್ ಹಾಕಿದ ಕಪ್ಪು ವೈರು. ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ದೀಪ ಕಣ್ಣು ಹೊಡೀತಿದ್ದದ್ದು ಇದರಿಂದಲೇ. ಸರಿಯಾದ ಅರ್ತ್ ಸಿಗದಿದ್ದರೆ ಕರೆಂಟು ಪಕ್ಕದ ಬಲ್ಬಿನ ಮೂಲಕ ಹಿಂಬಾಗಿಲಿಂದ ಮನೆಗೆ ಹೋಗುತ್ತೆ. ತುಕ್ಕನ್ನ ಉಪ್ಪುಕಾಗದದಲ್ಲಿ ಉಜ್ಜಿ ಬೋಲ್ಟ್ ಬಿಗಿದೆ, ಸರಿಯಾಯ್ತು. ಹಾಗೇ ಫ್ಯೂಸು ತೆಗೆದು ನೋಡಿದರೆ ಒಂದಕ್ಕೆ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿತ್ತು. ಅಪ್ಪ ಸಿಗರೇಟು ಸೇದಿದವರಲ್ಲ. ಯಾರ ಕೈಚಳಕವೋ!

ಏಳನೆಯದು ಮಾತ್ರ ಯಾವ ಕಟ್ಟಳೆಗೂ ಸೇರೋದಲ್ಲ. ಕೆಂಪು-ಕಪ್ಪು ಹೊಸೆದ, ಮನೆಯ ವೈರಿಂಗಿಗೆ ಹಾಕೋ ಅಂಥ ವೈರು. ಡ್ಯಾಶ್ ಕೆಳಗೆ ಎಡಗಡೆ ಎರಡೂ ತುದಿಗೆ ಸೈಕಲ್ ಟ್ಯೂಬಿನ ತುಂಡು ತೊಡಿಸಿ, ಮೇಲೆ ಗೋಣಿದಾರದಲ್ಲಿ ಬಿಗಿದ ಗಂಟು. ಆ ಗಂಟು ನೋಡಿದ ಕೂಡಲೇ ಗೊತ್ತಾಯ್ತು. ನಮ್ಮ ಮನೆಯ ನೀರಿನ ಪೈಪು, ಕೊಡೆಯ ಹಿಡಿ, ಹಾರೆಯ ಕಾವು ಎಲ್ಲದರ ಮೇಲೂ ಇರೋದು ಅದೇ ಗಂಟು. ವೈರು ಮ್ಯಾಟಿನ ಕೆಳಗೆ ಹೋಗಿ, ಹಿಂದಿನ ಸೀಟಿನ ಪಕ್ಕದಿಂದ ಮೇಲೆ ಹತ್ತಿ, ಕಿಟಕಿಯ ಮೇಲಿನ ರೆಕ್ಸಿನ್ನಿನ ಒಳಗೆ ಮುಗಿದಿತ್ತು. ಅಲ್ಲೇ ಒಂದು ಸಣ್ಣ ಕಬ್ಬಿಣದ ಕೊಕ್ಕೆ. ಚಿಕ್ಕಂದಿನಿಂದ ನೋಡಿದ್ದೆ, ಬಟ್ಟೆ ನೇತು ಹಾಕೋದು ಅಂದ್ಕೊಂಡಿದ್ದೆ.

ಅಪ್ಪನ ಹತ್ತಿರ ಹೋಗಿ ಗಂಟು ತೋರಿಸಿ, "ಅಪ್ಪ, ಇದು ಯಾತಕ್ಕೆ?" ಅಂದೆ. ತುಂಬ ಹೊತ್ತು ಪ್ರಯತ್ನ ಮಾಡಿದರು. ತುಟಿ ಅಲುಗಾಡಿತು. ಎಡಗೈ ಎತ್ತಿ, ಐದೂ ಬೆರಳು ಸೇರಿಸಿ, ಮೇಲಿಂದ ಕೆಳಗೆ ನಿಧಾನಕ್ಕೆ ತಂದರು, ಮತ್ತೆ ಎತ್ತಿದರು, ಮತ್ತೆ ತಂದರು. ಮಳೆ ಅಂತಾನಾ? ಸೋರುತ್ತೆ ಅಂತಾನಾ? ನನಗೆ ಹೊಳೆಯಲಿಲ್ಲ. ಅವರಿಗೆ ಸಿಟ್ಟು ಬಂದು ಮುಖ ತಿರುಗಿಸಿದರು.

ಅಮ್ಮ ಅಕ್ಕಿ ಆರಿಸ್ತಾ ಕೂತವಳು ತಲೆ ಎತ್ತದೆ, "ಅಜ್ಜಿಯ ಬಾಟಲಿ" ಅಂದಳು.

೧೯೯೬ರ ಮಳೆಗಾಲ. ಅಜ್ಜಿಯನ್ನ ರಾತ್ರೋರಾತ್ರಿ ಮಣಿಪಾಲಕ್ಕೆ ಕರ್ಕೊಂಡು ಹೋಗಬೇಕಾಗಿತ್ತು. ಹೊಸನಗರ, ನಗರ, ಹುಲಿಕಲ್ ಘಾಟಿ ಇಳಿದು. ಡಾಕ್ಟರು ಡ್ರಿಪ್ ಹಾಕಿ ಕಳಿಸಿದ್ದರು. ಹನಿ ನಿಂತರೆ ನೋಡಬೇಕು, ಜೋರಾದರೆ ಕಡಿಮೆ ಮಾಡಬೇಕು ಅಂತ ಅಮ್ಮನಿಗೆ ಹೇಳಿಕೊಟ್ಟಿದ್ದರು. ಕಾರಿನ ಒಳದೀಪ ಕೆಟ್ಟು ಯಾವ ಕಾಲವಾಗಿತ್ತೋ. ಕತ್ತಲಲ್ಲಿ ಹನಿ ಕಾಣೋದು ಹೇಗೆ? ಹೊರಡೋ ಮುಂಚೆ ಸಿಕ್ಕ ಅರ್ಧ ಗಂಟೆಯಲ್ಲಿ ಅಪ್ಪ ಮನೆಯಲ್ಲಿದ್ದ ವೈರು ಎಳೆದು, ಸ್ಕೂಟರಿನ ಬಲ್ಬು ಹೋಲ್ಡರು ಕಟ್ಟಿ, ಕೊಕ್ಕೆ ಹೊಡೆದರಂತೆ. "ಘಾಟಿಯಲ್ಲಿ ಮಂಜು. ಹೊರಗೆ ಏನೂ ಕಾಣ್ತಿರಲಿಲ್ಲ, ಹನಿ ಒಂದು ಕಾಣ್ತಿತ್ತು" ಅಂದಳು ಅಮ್ಮ. ಅಜ್ಜಿ ಆಮೇಲೆ ಆರು ವರ್ಷ ಇದ್ದಳು. ನನಗೆ ಆಗ ಏಳು ವರ್ಷ, ದೊಡ್ಡಪ್ಪನ ಮನೆಯಲ್ಲಿ ಮಲಗಿಸಿ ಹೋಗಿದ್ದರು. ಹಾಗಾಗಿ ನನಗೆ ಇದ್ಯಾವುದೂ ಗೊತ್ತಿಲ್ಲ.

ಮತ್ತೆ ಕಾರಿನ ಕೆಳಗೆ ಹೋದೆ. ಅಪ್ಪ ಇದಕ್ಕೆ ಕರೆಂಟು ಎಲ್ಲಿಂದ ತಗೊಂಡಿದ್ದರು ಅಂತ ನೋಡಬೇಕಿತ್ತು. ಕೈಗೆ ಹತ್ತಿರ ಸಿಗೋದು ಆ ಫ್ಯಾನಿನ ಕಂದು ವೈರೇ, ಬುಲೆಟ್ ಸಮೇತ ರೆಡಿ ಇತ್ತು. ಅವಸರದಲ್ಲಿ ಯಾರಾದರೂ ಅದನ್ನೇ ಹಿಡಿಯೋದು. ಆದರೆ ಹತ್ತಿರದಲ್ಲೇ ಇನ್ನೊಂದು ವೈರಿನ ಸಿಪ್ಪೆಯನ್ನ ಚಾಕುವಿನಲ್ಲಿ ಕೆತ್ತಿ, ಸುತ್ತಿ ಬಿಚ್ಚಿದ ಗುರುತಿತ್ತು. ಸ್ಪಿರಿಟ್ ಹಾಕಿ ಒರೆಸಿದೆ. ನೇರಳೆ. ಫ್ಯೂಸು ದಾಟಿ ಬಂದದ್ದು.

ಅದನ್ನೇ ಮತ್ತೆ ಸೇರಿಸಿದೆ, ಮೊದಲು ೨೧ ವ್ಯಾಟಿನ ಬಲ್ಬಿನ ಮೂಲಕವೇ. ಸರಿ ಇತ್ತು. ಫ್ಯೂಸು ಹೊಸದು ಹಾಕಿ, ಹಿಂದೆ ಒಂದು ೫ ವ್ಯಾಟಿನ ಬಲ್ಬು ಕಟ್ಟಿ, ಈ ಸಲ ಒಂದು ಸ್ವಿಚ್ಚೂ ಇಟ್ಟೆ.

ಮರುವಾರ ಆಫೀಸಿನಲ್ಲಿ ಇನ್‌ಸ್ಪೆಕ್ಟರ್ ಲೈಟು, ಹಾರ್ನು, ಬ್ರೇಕು ನೋಡಿದರು, ಚಾಸಿ ನಂಬರು ನೋಡಿದರು, ಸರಿ ಅಂದರು. ಐದು ವರ್ಷಕ್ಕೆ ಆಯ್ತು.

ಆದರೆ ನಾನು ಹೇಳಬೇಕು ಅಂದ್ಕೊಂಡದ್ದು ಅದಕ್ಕೆ ಮುಂಚಿನ ಸಂಜೆಯದು. ಕತ್ತಲಾದ ಮೇಲೆ ಅಪ್ಪನನ್ನ ಮತ್ತೆ ಕಾರಲ್ಲಿ ಕೂರಿಸಿದೆವು, ಈ ಸಲ ಹಿಂದಿನ ಸೀಟಲ್ಲಿ. ಅಮ್ಮ ಪಕ್ಕದಲ್ಲಿ. ನಾನು ಮುಂದಿನಿಂದ ಸ್ವಿಚ್ಚು ಹಾಕಿದೆ. ಕೊಕ್ಕೆಯ ಪಕ್ಕ ಹಳದಿ ದೀಪ ಹತ್ತಿತು. ಅಪ್ಪ ತಲೆ ಎತ್ತಿ ನೋಡಿದರು, ಆಮೇಲೆ ಅಮ್ಮನ ಮುಖ ನೋಡಿದರು. ಕೊಟ್ಟಿಗೆಯ ಹೆಂಚಿನ ಮೇಲೆ ಆ ವರ್ಷದ ಮೊದಲ ಮಳೆ ಬೀಳ್ತಾ ಇತ್ತು. ಯಾರೂ ಏನೂ ಮಾತಾಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಎಡಗೈಯನ್ನ ದೀಪದ ಕಡೆ ತೋರಿಸಿ, ಜೋರಾಗಿ "ಹೂಂ" ಅಂದರು. ನನಗೆ ಗಂಟಲು ಕಟ್ಟಿದ ಹಾಗಾಗಿ ಅಮ್ಮನ ಕಡೆ ನೋಡಿದೆ.

"ಆರಿಸ್ಬೇಕಂತೆ" ಅಂದಳು ಅಮ್ಮ. "ಬ್ಯಾಟರಿ ಇಳಿಯುತ್ತೆ ಅಂತಿದ್ದಾರೆ."